ತೇವದ ಸದ್ದು

ಮಹಡಿಯ ಮೇಲೆ ಬಟ್ಟೆ ಒಣಹಾಕುವಾಗ ಏಕಾಂತಯ್ಯನವರು ಚಾಮುಂಡಿ ಬೆಟ್ಟಕ್ಕೆ ಬೆನ್ನು ಮಾಡಿ ನಿಲ್ಲುತ್ತಿದ್ದರು. ದೇವಿಯ ಮೇಲೆ ಮುನಿಸೇನೂ ಇರಲಿಲ್ಲ. ಬೆಟ್ಟದ ಕಡೆ ಮುಖ ಮಾಡಿದರೆ ಪಕ್ಕದ ಮನೆಯ ಅಡಿಗೆಮನೆ ಕಿಟಕಿಗೂ ಮುಖ ಮಾಡಿದ ಹಾಗಾಗುತ್ತಿತ್ತು, ಆ ಕಿಟಕಿಯಲ್ಲಿ ಬೆಳಗಿನ ಹೊತ್ತು ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ಹಾಸಿಗೆ ಹಿಡಿದ ಹೆಂಡತಿಗೆ ಕಟ್ಟಲೆಂದು ಅವಳದೇ ಹಳೆಯ ವಾಯಿಲ್ ಸೀರೆಗಳನ್ನು ಹರಿದು, ಮಡಿಸಿ, ಅಂಚು ಹೊಲಿದ ಬಟ್ಟೆಗಳು ಅವು. ಎಷ್ಟು ಒಗೆದರೂ ಸೀರೆಯ ಹೂವು ಹೋಗಿರಲಿಲ್ಲ. ಈ ನೀಲಿ ಹೂವಿನ ಸೀರೆಯನ್ನು ಅವಳು ಎಲ್ಲಿಗೆ ಉಟ್ಟುಕೊಂಡು ಹೋಗುತ್ತಿದ್ದಳು ಎಂದು ನೆನಪಿಸಿಕೊಳ್ಳಲು ನೋಡಿದರು, ಆಗಲಿಲ್ಲ. ನೆನಪಾಗಿದ್ದು ತಾನು ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ತಡವಾಯಿತು ಎಂದು ಗೊಣಗುತ್ತ ಬಾಗಿಲಲ್ಲಿ ನಿಂತದ್ದು ಮಾತ್ರ. ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ಟೈಮ್ ಕೀಪರ್ ಆಗಿದ್ದ ಮನುಷ್ಯ. ಸೈರನ್ ಆಗುವುದಕ್ಕೆ ಮೊದಲೇ ಗೇಟಿನ ಒಳಗಿರಬೇಕು. ಮೂವತ್ತಕ್ಕೂ ಹೆಚ್ಚು ವರ್ಷ ಇದ್ದರು ಕೂಡ. ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ನೋಡುತ್ತ ನೋಡುತ್ತ ತಲೆ ನೆರೆದಿತ್ತು. ಮಕ್ಕಳಿರಲಿಲ್ಲ. ನಿವೃತ್ತಿಯ ಹಣದಲ್ಲಿ ಹಿನಕಲ್ಲಿನ ಹೊಸ ಬಡಾವಣೆಯಲ್ಲಿ ಕಟ್ಟಿಸಿದ ಈ ಮನೆಗೆ ಬಂದ ಮೂರನೇ ವರ್ಷ, ಶ್ರಾವಣದ ಒಂದು ಬೆಳಿಗ್ಗೆ, ಸರ್ವಮಂಗಳಾ ವಿಭೂತಿಯ ತಟ್ಟೆ ಹಿಡಿದುಕೊಂಡೇ ಗೋಡೆಗೆ ಒರಗಿದವಳು ಹಾಗೇ ಕುಸಿದಳು. ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. ಬುದ್ಧಿ ಹೋಗಿಲ್ಲ, ಎಲ್ಲ ತಿಳಿಯುತ್ತದೆ ಎಂದು ಡಾಕ್ಟರು ಹೇಳಿದಾಗ ಅದು ಸಮಾಧಾನದ ಮಾತೋ ಎಚ್ಚರಿಕೆಯೋ ಎಂದು ಅವರಿಗೆ ಗೊತ್ತಾಗಿರಲಿಲ್ಲ.

ಎಲ್ಲ ತಿಳಿಯುತ್ತದೆ ಎನ್ನುವುದೇ ಕಷ್ಟವಾಗಿತ್ತು. ಬೆನ್ನಿನ ಕೆಳಗೆ, ಬಾಲದ ಮೂಳೆಯ ಹತ್ತಿರ, ಮಲಗಿ ಮಲಗಿ ಒಂದು ಹುಣ್ಣಾಗಿತ್ತು. ಒದ್ದೆಯಲ್ಲಿ ಸ್ವಲ್ಪ ಹೊತ್ತು ಮಲಗಿದರೂ ಅದು ಆಳಕ್ಕಿಳಿಯುತ್ತದೆ, ಆಮೇಲೆ ನನ್ನನ್ನು ಕೇಳಬೇಡಿ ಎಂದಿದ್ದರು ಡಾಕ್ಟರು. ಹಾಗಾಗಿ ಏಕಾಂತಯ್ಯನವರು ಆಗಾಗ ಹೋಗಿ ಹೊದಿಕೆಯೊಳಗೆ ಕೈ ತೂರಿಸಿ ನೋಡಬೇಕಾಗುತ್ತಿತ್ತು. ಬಾಗಿಲಲ್ಲಿ ಅವರ ನೆರಳು ಕಾಣುತ್ತಲೇ ಸರ್ವಮಂಗಳಾ ಮುಖವನ್ನು ಗೋಡೆಯ ಕಡೆ ತಿರುಗಿಸಿಬಿಡುತ್ತಿದ್ದಳು. ಅವರೂ ಕ್ಯಾಲೆಂಡರನ್ನು ನೋಡುತ್ತಿದ್ದರು. ಕೈ ಮಾತ್ರ, ಯಾರದೋ ಕೈಯಂತೆ, ಒಳಗೆ ಹೋಗಿ ಬಟ್ಟೆ ಮುಟ್ಟಿ ಬರುತ್ತಿತ್ತು. ಒಣಗಿದ್ದರೆ ಕಳ್ಳತನ ಮಾಡಿದ ಹಾಗೆ. ಒದ್ದೆಯಾಗಿದ್ದರೆ ಕಳ್ಳನನ್ನು ಹಿಡಿದ ಹಾಗೆ. ಹಗಲು ಹೊತ್ತಿನಲ್ಲಿ ಒಬ್ಬರ ಕೈ ಒಬ್ಬರು ಹಿಡಿದುಕೊಂಡವರಲ್ಲ ಅವರು. ಈಗ ದಿನವಿಡೀ ಮುಟ್ಟುತ್ತಿದ್ದರು, ಮುಟ್ಟಿದಷ್ಟೂ ಅವಳು ಗೋಡೆಯೊಳಕ್ಕೆ ಸರಿಯುತ್ತಿದ್ದಳು.

ಅದೇ ಹೊತ್ತಿಗೆ ಬಂದವಳು ಪ್ರೇಮಲೀಲಾ. ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಸಿದ್ದರಾಜುವಿನ ಮಗಳು. ಇಂಜಿನಿಯರಿಂಗ್ ಓದಿ, ಎಲ್ಲೂ ಕೆಲಸಕ್ಕೆ ಸೇರದೆ, ಕಡಕೊಳದ ಕೈಗಾರಿಕಾ ಪ್ರದೇಶದಲ್ಲಿ ಒಂದು ಶೆಡ್ಡು ಹಿಡಿದು ನಾಲ್ಕೈದು ಜನ ಹೆಂಗಸರನ್ನಿಟ್ಟುಕೊಂಡು ಆಸ್ಪತ್ರೆಗೆ ಬೇಕಾದ ಸಣ್ಣಪುಟ್ಟ ಎಲೆಕ್ಟ್ರಾನಿಕ್ ಸಾಮಾನು ಮಾಡುತ್ತಿದ್ದಳು. ಅದು ಎರಡು ಸಾವಿರದ ಮೂರನೇ ಇಸವಿ. ಸಿದ್ದರಾಜುವಿನಿಂದ ವಿಷಯ ತಿಳಿದು ಸ್ಕೂಟರಿನಲ್ಲಿ ಬಂದವಳು ಚೀಲದಿಂದ ಸೋಪಿನ ಡಬ್ಬಿಯಷ್ಟು ದೊಡ್ಡ ಒಂದು ಬಿಳಿ ಪೆಟ್ಟಿಗೆ ತೆಗೆದಳು. ಅದರಿಂದ ಹೊರಟ ತೆಳ್ಳನೆಯ ವೈರಿನ ತುದಿಯಲ್ಲಿ ಒಂದು ಕ್ಲಿಪ್ಪು. ಜೊತೆಗೆ ಅವಳೇ ಹೊಲಿಸಿ ತಂದ ಬಟ್ಟೆಗಳು; ಬಟ್ಟೆಯುದ್ದಕ್ಕೂ ಎರಡು ಸಾಲು ಬೆಳ್ಳಿಯ ಬಣ್ಣದ ದಾರ, ಸೊಂಟದ ಹತ್ತಿರ ಬರುವ ಕಡೆ ಎರಡು ಲೋಹದ ಗುಂಡಿ.

"ಈ ಎರಡು ದಾರದ ಮಧ್ಯೆ ಒದ್ದೆ ಬಂದ್ರೆ ಕರೆಂಟು ಹರಿಯುತ್ತೆ ಅಂಕಲ್, ಪೆಟ್ಟಿಗೆ ಕೂಗುತ್ತೆ. ಶಾಕು ಗೀಕು ಏನೂ ಹೊಡೆಯಲ್ಲ, ಟಾರ್ಚಿನ ಸೆಲ್ಲು ಅಷ್ಟೆ. ನೀವು ಪದೇ ಪದೇ ಹೋಗಿ ನೋಡೋ ಹಾಗಿಲ್ಲ. ಕೆಲವು ದಿನ ಬಳಸಿ ನೋಡಿ, ಏನಾದರೂ ತಪ್ಪಿದ್ರೆ ಹೇಳಿ, ಸರಿ ಮಾಡ್ತೀನಿ." ಆಮೇಲೆ ಬಹಳ ಸಹಜವಾಗಿ ಕೇಳಿದಳು, "ದಿನಕ್ಕೆ ಎಷ್ಟು ಸಲ ಆಗುತ್ತೆ?"

ಎತ್ತಿ ಆಡಿಸಿದ ಹುಡುಗಿ. ಏಕಾಂತಯ್ಯನವರು ಕ್ಯಾಲೆಂಡರಿನ ಕಡೆ ನೋಡಿ, "ಲೆಕ್ಕ ಇಟ್ಟಿಲ್ಲಮ್ಮ" ಎಂದರು. ಊರವರ ಹೊತ್ತನ್ನೆಲ್ಲ ಲೆಕ್ಕ ಇಟ್ಟವನು ಎಂದು ಒಳಗೇ ಅನ್ನಿಸಿ ಕಿವಿ ಬಿಸಿಯಾಯಿತು. ಕೋಣೆಗೆ ಹೋಗಿ ಬಟ್ಟೆ ಬದಲಿಸಿ, ಅವಳು ತೋರಿಸಿದ ಹಾಗೆ ಕ್ಲಿಪ್ಪು ಸಿಕ್ಕಿಸಿ, ಪೆಟ್ಟಿಗೆಯನ್ನು ಮಂಚದ ಸರಳಿಗೆ ಕಟ್ಟಿದರು. ಸರ್ವಮಂಗಳಾ ಇಬ್ಬರನ್ನೂ ಒಬ್ಬೊಬ್ಬರಾಗಿ ನೋಡಿದಳು. ಅವಳ ಜೊತೆ ಯಾರೂ ಮಾತಾಡಲಿಲ್ಲ.

ಬೆಳಿಗ್ಗೆ ಬಂದು ಅವಳಿಗೆ ಸ್ನಾನ ಮಾಡಿಸಿ ಹೋಗುತ್ತಿದ್ದ ಚಾಮುಂಡೇಶ್ವರಿ ಹಿನಕಲ್ಲಿನ ಹಳೇ ಊರಿನವಳು. ಬಡಾವಣೆಯಾದ ಹೊಲಗಳ ಹೆಸರನ್ನೆಲ್ಲ ಬಲ್ಲವಳು. ಮೊದಲ ಸಲ ಪೆಟ್ಟಿಗೆ ಕೂಗಿದಾಗ ಸೊಂಟಕ್ಕೆ ಕೈಯಿಟ್ಟು ನಿಂತಳು. "ಇದೇನ್ ಸಾ, ಉಚ್ಚೆಗೂ ಗಂಟೆ ಕಟ್ಬುಟ್ರಾ?" ಎಂದಳು. ಏಕಾಂತಯ್ಯನವರಿಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಅವರು ಒಂಥರಾ ಸುಖದಲ್ಲಿದ್ದರು. ಕೈ ತೂರಿಸುವುದು ತಪ್ಪಿತ್ತು. ಪೆಟ್ಟಿಗೆ ಕೂಗಿದರೆ ಹೋಗುವುದು, ಕೂಗದಿದ್ದರೆ ಹೊರಗೆ ಕುರ್ಚಿಯಲ್ಲಿ ಪೇಪರು. ಸೈರನ್ನಿನ ಬದುಕು ಮತ್ತೆ ಸಿಕ್ಕಿದ ಹಾಗಾಗಿತ್ತು. ಪೇಪರಿನ ಮೂಲೆಯ ಪದಬಂಧ ಮುಗಿಸಿದ ದಿನ ಮಾತ್ರ, ಬೆಳಗಿನಿಂದ ತಾನು ಅವಳ ಮುಖವನ್ನೇ ನೋಡಿಲ್ಲವಲ್ಲ ಎಂದು ಹೊಳೆದು, ಎದ್ದು ಹೋಗಿ ಬಾಗಿಲಲ್ಲಿ ನಿಂತು, ಫ್ಯಾನು ತಿರುಗುತ್ತಿದೆಯೇ ಎಂದು ನೋಡಿ ವಾಪಸು ಬಂದರು.

ಮಹಾಂತೇಶ ಹೆಂಡತಿಯೊಡನೆ ಬಂದದ್ದು ಅದೇ ವಾರ. ಚಿಕ್ಕಪ್ಪನ ಮಗ, ದುಡ್ಡಿನಲ್ಲಿ ಬೆಳೆದವನು, ಮಠದ ಸಮಿತಿಯಲ್ಲಿರುವವನು, ಕುವೆಂಪುನಗರದಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆಯಲು ಬಂದಿದ್ದ. ಅವನು ಕೂತರೆ ಕುರ್ಚಿ ಚಿಕ್ಕದೆನಿಸುತ್ತಿತ್ತು. ಸ್ವಾಮಿಗಳು ಯಾವ ಬಾಗಿಲಿನಿಂದ ಪಾದ ಇಡುತ್ತಾರೆ, ಎಷ್ಟು ಜನಕ್ಕೆ ಪಂಕ್ತಿ ಎಂದು ಹೇಳುತ್ತಿದ್ದ. ಮಹಾಂತೇಶನ ಹೆಂಡತಿ ಮೂಗಿನ ತುದಿಯನ್ನು ಸೆರಗಿನಿಂದ ಒಂದು ಸಲ ಮುಟ್ಟಿಕೊಂಡಳು. ವಾಸನೆಯೇ? ಬೆಳಿಗ್ಗೆ ಡೆಟಾಲ್ ಹಾಕಿ ನೆಲ ಒರೆಸಿದ್ದರು. ಸುಮ್ಮನೆ ಮುಟ್ಟಿಕೊಂಡಿರಬಹುದು, ನೆಗಡಿ ಇರಬಹುದು ಎಂದು ಏಕಾಂತಯ್ಯನವರು ಯೋಚಿಸುತ್ತಿರುವಾಗಲೇ ಪರದೆಯ ಹಿಂದಿನಿಂದ ಪೆಟ್ಟಿಗೆ ಪೀಂ ಪೀಂ ಎಂದು ಶುರುವಾಯಿತು.

"ಏನಣ್ಣ ಅದು, ಮೊಬೈಲು ತಗೊಂಡ್ಯಾ?" ಎಂದ ಮಹಾಂತೇಶ.

"ಅಲಾರಮ್ಮು. ಗಡಿಯಾರದ್ದು. ಕೆಟ್ಟಿದೆ," ಎಂದರು ಏಕಾಂತಯ್ಯ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಅವರಿಗೇ ಗಡಿಯಾರವೊಂದು ಕಣ್ಣಿಗೆ ಕಟ್ಟಿತು. ಎದ್ದು ಹೋಗಿ, ತಲೆ ಎತ್ತದೆ ಪೆಟ್ಟಿಗೆಯ ಸ್ವಿಚ್ಚು ಆರಿಸಿ, ಪರದೆ ಸರಿಯಾಗಿ ಎಳೆದು, ಬಂದು ಕೂತರು. ಅತ್ತಿಗೆಯನ್ನು ನೋಡಿಕೊಂಡು ಹೋಗೋಣ ಎಂದಾಗ ಈಗ ತಾನೇ ನಿದ್ದೆ ಹತ್ತಿದೆ ಎಂದರು. ಕಾಫಿ ಮಾಡಿದರು. ಎಂದೂ ಮಾಡದಷ್ಟು ಒಳ್ಳೆ ಕಾಫಿಯಾಯಿತು. ಇನ್ನರ್ಧ ಲೋಟ ಹಾಕಣ್ಣ ಎಂದು ಮಹಾಂತೇಶ ಕೇಳಿ ಕುಡಿದ. ಮಾತು ಬೆಳೆಯಿತು, ಟೈಲ್ಸಿನ ಮೇಲೆ, ಬೋರ್‌ವೆಲ್ಲಿನ ಮೇಲೆ. ಪರದೆಯ ಆಚೆ ಒದ್ದೆ ತಣ್ಣಗಾಗುತ್ತಿದೆ ಎಂದು ಏಕಾಂತಯ್ಯನವರಿಗೆ ತಮ್ಮದೇ ಬೆನ್ನಿನಲ್ಲಿ ಗೊತ್ತಾಗುತ್ತಿತ್ತು. ಆದರೂ ಕಾರು ತಿರುವು ದಾಟುವವರೆಗೆ ಗೇಟಿನಲ್ಲಿ ನಿಂತು ಕೈ ಬೀಸಿದರು.

ಒಳಗೆ ಹೋದಾಗ ಸರ್ವಮಂಗಳಾ ಗೋಡೆಯ ಕಡೆ ತಿರುಗಿರಲಿಲ್ಲ. ಫ್ಯಾನನ್ನು ನೋಡುತ್ತ ಮಲಗಿದ್ದಳು. ಬಟ್ಟೆ ತೆಗೆದಾಗ ಹುಣ್ಣಿನ ಅಂಚಿನಲ್ಲಿ ಹಸಿ ರಕ್ತ ಜಿನುಗಿತ್ತು. ಔಷಧಿ ಹಚ್ಚುವಾಗ ಅವಳು ಒಂದು ಚೂರೂ ಮುಲುಗಲಿಲ್ಲ. ಮುಲುಗಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಮಾರನೆಯ ದಿನದಿಂದ ಪೆಟ್ಟಿಗೆ ಕೂಗುವುದು ನಿಂತಿತು. ಮಧ್ಯಾಹ್ನದವರೆಗೆ ಏಕಾಂತಯ್ಯನವರು, ಪರವಾಗಿಲ್ಲ, ಇವತ್ತು ಒಣಗಿದ್ದಾಳೆ ಎಂದುಕೊಂಡರು. ಅನುಮಾನ ಬಂದು ಮುಟ್ಟಿ ನೋಡಿದರೆ ಹಾಸಿಗೆಯವರೆಗೂ ನೆನೆದಿತ್ತು. ಕ್ಲಿಪ್ಪು ಕಳಚಿತ್ತು, ಸಡಿಲವಿರಬೇಕೆಂದು ಮತ್ತೆ ಸಿಕ್ಕಿಸಿ ಸೆಲ್ಲು ಬದಲಿಸಿದರು. ಆಗಲಿಲ್ಲ. ಮತ್ತೆ ಕೈ ತೂರಿಸುವ ಕಾಲ ಬಂತು. ಕಡಕೊಳಕ್ಕೆ ಫೋನು ಮಾಡಿ, "ನಿನ್ನ ಸಾಮಾನು ಕೆಟ್ಟಿದೆಯಮ್ಮ" ಎಂದರು. ದನಿ ತಮಗೇ ಒರಟಾಗಿ ಕೇಳಿಸಿತು.

ಪ್ರೇಮಲೀಲಾ ಬಂದು ಒದ್ದೆ ಹತ್ತಿ ಇಟ್ಟು ಪರೀಕ್ಷೆ ಮಾಡಿದಳು. ಪೆಟ್ಟಿಗೆ ಚೆನ್ನಾಗಿಯೇ ಕೂಗಿತು. ಮತ್ತೆ ಕ್ಲಿಪ್ಪು ಸಿಕ್ಕಿಸಿ ಇಬ್ಬರೂ ಹಜಾರಕ್ಕೆ ಬಂದು ಕೂತರು. ವೈರಿನಲ್ಲೇ ಏನೋ ಇರಬೇಕು ಎಂದು ಅವರು ಹೇಳುತ್ತಿದ್ದಾಗ ಅವಳು ಸುಮ್ಮನಿರಿ ಎನ್ನುವ ಹಾಗೆ ಕೈ ತೋರಿಸಿದಳು. ಪರದೆಯ ಸಂದಿನಲ್ಲಿ ಮಂಚ ಕಾಣುತ್ತಿತ್ತು. ಹೊದಿಕೆಯ ಕೆಳಗೆ ಸರ್ವಮಂಗಳಾಳ ಎಡಗೈ ನಿಧಾನವಾಗಿ, ಮುದಿ ಬೆಕ್ಕಿನ ಹಾಗೆ, ಸೊಂಟದ ಕಡೆ ಹೊರಟಿತ್ತು. ಅಲ್ಲಿ ತಡಕಾಡಿತು. ಟಕ್ ಎಂದು ಸಣ್ಣ ಸದ್ದಾಯಿತು. ಕೈ ಹೋದ ದಾರಿಯಲ್ಲೇ ವಾಪಸು ಬಂದು ಎದೆಯ ಮೇಲೆ ಮಲಗಿತು.

"ಪೆಟ್ಟಿಗೆ ಸರಿಯಾಗಿದೆ ಅಂಕಲ್," ಪ್ರೇಮಲೀಲಾ ದನಿ ತಗ್ಗಿಸಿ ಹೇಳಿದಳು. "ಆಂಟಿಗೆ ಬೇಡವಾಗಿದೆ." ಚೀಲ ಹೆಗಲಿಗೆ ಹಾಕಿಕೊಳ್ಳುತ್ತ, "ಅವತ್ತು ಕಟ್ಟೋಕೆ ಮುಂಚೆ ನೀವು ಅವರನ್ನ ಕೇಳಿದ್ರಾ? ನಾನಂತೂ ಕೇಳಲಿಲ್ಲ," ಎಂದಳು.

ಅವಳು ಹೋದ ಮೇಲೆ ಏಕಾಂತಯ್ಯನವರು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತರು. ಮಹಾಂತೇಶನ ವಿಷಯ ಎತ್ತಿದರೆ ಅವಳನ್ನು ಮತ್ತೆ ಒದ್ದೆಯಲ್ಲಿ ಮಲಗಿಸಿದ ಹಾಗಾದೀತು ಅನ್ನಿಸಿತು. ಎತ್ತದಿದ್ದರೂ ಅದು ಇಬ್ಬರ ಮಧ್ಯೆ ಕುರ್ಚಿ ಹಾಕಿಕೊಂಡು ಕೂತೇ ಇತ್ತು. ಕಡೆಗೆ ಮಂಚದ ಸರಳಿಗೆ ಕಟ್ಟಿದ್ದ ಪೆಟ್ಟಿಗೆಯ ಗಂಟು ಬಿಚ್ಚಿ ಅವಳ ಎಡಗೈಯಲ್ಲಿಟ್ಟರು.

"ಮಂಗಳಾ, ಇದು ನಿನ್ನ ಹತ್ರಾನೇ ಇರಲಿ. ಸ್ವಿಚ್ಚು ಇಲ್ಲಿದೆ ನೋಡು. ಬೇಕಾದ್ರೆ ಹಾಕ್ಕೊ, ಬೇಡದಿದ್ರೆ ಆರಿಸು. ನಾನು ಮುಟ್ಟಲ್ಲ." ಹೊರಡಲು ಎದ್ದವರು ಮತ್ತೆ ಕೂತು, "ಇನ್ನು ಯಾರೇ ಬಂದಿರಲಿ, ಕೂಗಿದ್ರೆ ಬರ್ತೀನಿ," ಎಂದರು.

ಅವಳು ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಮನೆಯಲ್ಲೇ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದ ಕಾಲದಲ್ಲಿ ಆ ಹುಡುಗಿಯರು ತಂದ ಹೊಸ ಕತ್ತರಿಯನ್ನು ಹೀಗೇ ನೋಡುತ್ತಿದ್ದಳು, ಕೊಂಡುಕೊಳ್ಳುವವಳ ಹಾಗೆ. ಸಂಜೆಯವರೆಗೂ ಅದು ಆರಿಯೇ ಇತ್ತು. ಸಂಜೆ ದೀಪ ಹಚ್ಚುವಾಗ ಪೀಂ ಎಂದಿತು. ಏಕಾಂತಯ್ಯನವರು ಊದುಬತ್ತಿಯನ್ನು ಕೈಯಲ್ಲೇ ಹಿಡಿದುಕೊಂಡು ಹೋದರು. ನಿಜವಾಗಿಯೂ ಒದ್ದೆಯಾಗಿತ್ತು. ಬದಲಿಸಿದರು. ಇಬ್ಬರೂ ಏನೂ ಆಗದವರ ಹಾಗಿದ್ದರು, ಆದರೆ ಆ ಸಂಜೆ ಅವರು ರೇಡಿಯೋ ಹಾಕಿದರು.

ಎರಡು ಮೂರು ದಿನ ಕಳೆದಿರಬೇಕು. ಬೆಳಿಗ್ಗೆ ಗಡ್ಡಕ್ಕೆ ಸೋಪು ಹಚ್ಚಿ ಒಂದು ಕೆನ್ನೆ ಮುಗಿಸಿದ್ದರು, ಪೆಟ್ಟಿಗೆ ಕೂಗಿತು. ನೊರೆಯ ಮುಖದಲ್ಲೇ ಓಡಿ ಹೋಗಿ ಮುಟ್ಟಿದರೆ ಬಟ್ಟೆ ಗರಿಗರಿಯಾಗಿ ಒಣಗಿತ್ತು. ಬೆವರಿರಬಹುದು ಎಂದು ಕ್ಲಿಪ್ಪು ಒರೆಸಿ ಬಂದರು. ಇನ್ನೊಂದು ಕೆನ್ನೆಗೆ ಬ್ಲೇಡು ಇಡುವಷ್ಟರಲ್ಲಿ ಮತ್ತೆ ಕೂಗಿತು. ಮತ್ತೆ ಒಣಗಿತ್ತು. ಈ ಸಲ ಬಾಗಿಲಿನ ಮರೆಯಲ್ಲಿ ನಿಂತು ನೋಡಿದರು. ಸರ್ವಮಂಗಳಾ ಎಡಗೈಯ ಬೆರಳನ್ನು ನಾಲಿಗೆಗೆ ತಾಗಿಸಿ, ಹೊದಿಕೆ ಸರಿಸಿ, ಕ್ಲಿಪ್ಪು ಕೂತಿದ್ದ ಎರಡು ಗುಂಡಿಗಳ ನಡುವೆ ಒತ್ತಿದಳು. ಪೀಂ. ಏಕಾಂತಯ್ಯನವರು ಒಳಗೆ ಕಾಲಿಟ್ಟರು. ಸಿಕ್ಕಿಬಿದ್ದವಳ ಬೆರಳು ಗಾಳಿಯಲ್ಲೇ ನಿಂತಿತು. ಅರ್ಧ ನೊರೆ, ಅರ್ಧ ನುಣುಪಾದ ಅವರ ಮುಖ ನೋಡಿ ಅವಳ ಬಾಯಿಯ ಎಡಭಾಗ ನಕ್ಕಿತು. ಬಲಭಾಗ ಬರಲಿಲ್ಲ; ಬಂದಷ್ಟೇ ಸಾಕಾಯಿತು.

"ಏನು, ಏನ್ ಬೇಕು?"

ಅವಳು ಕಿಟಕಿಯ ಕಡೆ ಗದ್ದ ತೋರಿಸಿದಳು. ಪರದೆ ಸರಿಸಿದರು. ಎದುರಿನ ಖಾಲಿ ಸೈಟಿನಲ್ಲಿ ಯಾರದೋ ಹಸು ಕರು ಹಾಕಿತ್ತು. ಕರು ಇನ್ನೂ ಒದ್ದೆಯಾಗಿ, ಕಾಲು ಸೋಲುತ್ತ ಏಳಲು ನೋಡುತ್ತಿತ್ತು. ಹಸುವಿನ ಕೂಗನ್ನು ಅವಳು ಮಲಗಿದಲ್ಲಿಂದಲೇ ಕೇಳಿ ತಿಳಿದುಕೊಂಡಿರಬೇಕು. ದಿಂಬುಗಳನ್ನು ಒತ್ತಿಟ್ಟು ಅವಳನ್ನು ಎತ್ತಿ ಕೂರಿಸಿದರು. ಇಬ್ಬರೂ ಕರು ನಿಲ್ಲುವವರೆಗೂ ನೋಡಿದರು. ಸೋಪು ಕೆನ್ನೆಯ ಮೇಲೆ ಒಣಗಿ ಎಳೆಯುತ್ತಿತ್ತು. ರೈಲ್ವೆ ಕ್ವಾರ್ಟರ್ಸಿನಲ್ಲಿದ್ದಾಗ ಅವಳು ಹಿತ್ತಲಿನಿಂದ, "ರೀ, ಒಂದ್ನಿಮಿಷ ಬನ್ರೀ ಇಲ್ಲಿ" ಎಂದು ಕರೆಯುತ್ತಿದ್ದಳು. ಇವರು ಪೇಪರಿನ ಹಿಂದಿನಿಂದ "ಬಂದೆ" ಎನ್ನುತ್ತಿದ್ದರು, ಹೋಗುತ್ತಿರಲಿಲ್ಲ. ಅವಳು ಇನ್ನೊಂದು ಸಲ ಕರೆದು ಸುಮ್ಮನಾಗುತ್ತಿದ್ದಳು. ಆಮೇಲೆ ಏನದು ಎಂದು ಇವರು ಕೇಳಿದ್ದೂ ಇಲ್ಲ. ಆ ಹಿತ್ತಲಿನಲ್ಲಿ ಏನೇನು ಇತ್ತೋ, ಯಾವ ಹಕ್ಕಿಯೋ, ಯಾವ ಹೂವೋ, ಗೋಡೆಯಾಚೆಯ ಯಾರ ಜಗಳವೋ, ಅವಳೊಬ್ಬಳೇ ನೋಡಿದಳು. ಈಗ ಕೇಳಿದರೆ ಹೇಳಲು ಅವಳಿಗೆ ಮಾತಿಲ್ಲ. ಆದರೆ ಕರು ಆಗ ತಾನೇ ತಾಯಿಯ ಹೊಟ್ಟೆಗೆ ಗುದ್ದಿ ಹಾಲಿನ ಜಾಗ ತಪ್ಪಿ ಮುಂಗಾಲನ್ನು ಚೀಪತೊಡಗಿತ್ತು, ಸರ್ವಮಂಗಳಾ ಅವರ ತೋಳನ್ನು ಚಿವುಟಿ ಅದನ್ನು ತೋರಿಸುತ್ತಿದ್ದಳು.

ಅಲ್ಲಿಂದ ಪೆಟ್ಟಿಗೆ ಯಾವಾಗ ಯಾತಕ್ಕೆ ಕೂಗುತ್ತದೆ ಎನ್ನುವ ಹಾಗಿರಲಿಲ್ಲ. ಫ್ಯಾನು ಜೋರಾಯಿತೆಂದು, ಸಾರಿನ ಒಗ್ಗರಣೆ ಸೀಯುತ್ತಿದೆಯೆಂದು, ತರಕಾರಿಯವನು ಬೀದಿಯ ತುದಿಗೆ ಬಂದನೆಂದು. ಏಕಾಂತಯ್ಯನವರು, "ಇವಳ ಕಾಟದಲ್ಲಿ ಪೇಪರು ಓದೋ ಹಾಗಿಲ್ಲ" ಎಂದು ಚಾಮುಂಡೇಶ್ವರಿಯ ಹತ್ತಿರ ದೂರಿದರು. "ಓದ್ಬೇಡಿ ಬುಡಿ ಸಾ, ಅದ್ರಲ್ಲಿ ಏನ್ ಅದೆ," ಎಂದಳು ಅವಳು. ಅವಳೇ ಒಂದು ದಿನ ಸ್ನಾನ ಮಾಡಿಸುವಾಗ ಕರೆದು ತೋರಿಸಿದಳು. "ನೋಡ್ ಬನ್ನಿ ಸಾ, ಹುಣ್ಣು ಎಂಗೆ ಮಾಗ್ತಾ ಅದೆ. ಚರ್ಮ ಕೂಡ್ಕತಾ ಅದೆ." ಹೌದು, ಅಂಚಿನಿಂದ ಗುಲಾಬಿ ಬಣ್ಣದ ಹೊಸ ಚರ್ಮ ಬರುತ್ತಿತ್ತು. ಏಕಾಂತಯ್ಯನವರು ಕ್ಯಾಲೆಂಡರ್ ನೋಡಲಿಲ್ಲ. ಬಗ್ಗಿ ಅದನ್ನೇ ನೋಡಿದರು, ಬಿತ್ತಿದ ಪಾತಿ ನೋಡುವವರ ಹಾಗೆ.

ಹೀಗಿರುವಾಗ ಪ್ರೇಮಲೀಲಾ ಹೊಸ ಪೆಟ್ಟಿಗೆಯೊಂದಿಗೆ ಬಂದಳು. ಹಿಗ್ಗಿನಲ್ಲಿದ್ದಳು. "ಇದು ಬೆವರಿಗೆಲ್ಲ ಕೂಗಲ್ಲ ಅಂಕಲ್. ಒಂದು ಹನಿ ಎರಡು ಹನಿ ಲೆಕ್ಕಕ್ಕೆ ತಗೊಳ್ಳಲ್ಲ. ಸರಿಯಾಗಿ ನೆಂದ್ರೆ ಮಾತ್ರ. ನಿಮಗೂ ಸುಮ್ಮಸುಮ್ಮನೆ ಓಡಾಟ ಇರಲ್ಲ."

"ಹಳೇದೇ ಇರಲಿ ಬಿಡಮ್ಮ."

"ಅದು ಸುಳ್ಳು ಸುಳ್ಳೇ ಹೊಡ್ಕೊಳ್ಳುತ್ತಲ್ಲ?"

"ಹೊಡ್ಕೊಳ್ಳಲಿ." ಇಷ್ಟು ವಯಸ್ಸಾದ ಮೇಲೆ ಗಂಡಹೆಂಡಿರ ನಡುವೆ ಹುಟ್ಟಿದ ಒಂದು ಆಟವನ್ನು ಆ ಹುಡುಗಿಯ ಮುಂದೆ ಬಿಚ್ಚಿಡುವುದು, ಮೊದಲ ದಿನ ಅವಳು ಕೇಳಿದ ಪ್ರಶ್ನೆಗಿಂತ ಹೆಚ್ಚು ನಾಚಿಕೆಯದಾಗಿ ಕಂಡಿತು. ಆದರೆ ಪ್ರೇಮಲೀಲಾಳ ಮುಖ ಬಾಡಿತ್ತು. ತಾನು ಮಾಡಿದ್ದು ಇವರಿಗೆ ಹಿಡಿಸಲಿಲ್ಲ ಎಂದುಕೊಂಡಳೋ ಏನೋ ಎಂದು ಅವರು ಚಡಪಡಿಸುತ್ತಿದ್ದಾಗ ಒಳಗಿನಿಂದ ಪೀಂ ಎಂದಿತು.

"ಬಾ," ಎಂದರು ಏಕಾಂತಯ್ಯ, ಎದ್ದು. "ಕರೀತಿದ್ದಾಳೆ. ನಿನ್ನನ್ನೇ ಇರಬೇಕು."

ಸರ್ವಮಂಗಳಾ ಎಲ್ಲ ಕೇಳಿಸಿಕೊಂಡಿದ್ದಳು. ಎಡಗೈ ಚಾಚಿ ಹೊಸ ಪೆಟ್ಟಿಗೆಯನ್ನು ಈಸಿಕೊಂಡಳು. ಕ್ಲಿಪ್ಪು ಸಿಕ್ಕಿಸು ಎಂದು ಸನ್ನೆ ಮಾಡಿದಳು. ಪ್ರೇಮಲೀಲಾ ಸಿಕ್ಕಿಸಿದಳು. ಸರ್ವಮಂಗಳಾ ನಾಲಿಗೆಗೆ ಬೆರಳು ತಾಗಿಸಿ ಗುಂಡಿಗಳ ಮೇಲೆ ಒತ್ತಿದಳು. ಪೆಟ್ಟಿಗೆ ಸುಮ್ಮನಿತ್ತು. ಇನ್ನೊಂದು ಸಲ ಒತ್ತಿ, ಕಿವಿಗೊಟ್ಟು ಕಾದು, ಹುಬ್ಬೇರಿಸಿ ಪ್ರೇಮಲೀಲಾಳನ್ನು ನೋಡಿ, ಹೊಸ ಪೆಟ್ಟಿಗೆಯನ್ನು ಅವಳ ಮಡಿಲಿಗಿಟ್ಟು ಹಳೆಯದನ್ನು ಎದೆಗೆಳೆದುಕೊಂಡಳು. ಪ್ರೇಮಲೀಲಾ ಮಂಚದ ಅಂಚಿನಲ್ಲಿ ಕೂತೇಬಿಟ್ಟಳು. ನಕ್ಕಳು, ಮೂಗು ಒರೆಸಿಕೊಂಡಳು. "ನಾನು ಇದನ್ನ ತಪ್ಪು ಅಂದ್ಕೊಂಡು ಸರಿ ಮಾಡಿದೆ ಆಂಟಿ. ಹೋಗ್ಲಿ, ಕರೆಯೋಕೆ ಬೇರೆ ಒಂದು ಗುಂಡಿ ಇಟ್ಟುಕೊಡ್ಲಾ?" ಸರ್ವಮಂಗಳಾ ಯೋಚಿಸಿ, ಬೇಡ ಎಂದು ತಲೆಯಾಡಿಸಿದಳು. ಮೊದಲ ಸಲ ಅವಳನ್ನು ಕೇಳಿದ್ದರು. ಅವಳು ಬೇಡ ಎಂದಿದ್ದಳು. ವಿಷಯ ಅಲ್ಲಿಗೆ ಮುಗಿಯಿತು.

ಮಹಾಂತೇಶನ ಗೃಹಪ್ರವೇಶದ ದಿನ ಚಾಮುಂಡೇಶ್ವರಿ ಬೇಗ ಬಂದಳು. ಮಧ್ಯಾಹ್ನದವರೆಗೆ ತಾನು ಇರುತ್ತೇನೆ ಎಂದು ಒಪ್ಪಿಕೊಂಡಿದ್ದಳು. ಏಕಾಂತಯ್ಯನವರು ಸ್ನಾನ, ಲಿಂಗಪೂಜೆ ಮುಗಿಸಿ, ಟ್ರಂಕಿನ ತಳದಿಂದ ತೆಗೆದ ಜರಿಯಂಚಿನ ಪಂಚೆ ಉಟ್ಟು, ಬಿಳಿ ಜುಬ್ಬ ತೊಟ್ಟು, ಹೆಗಲಿಗೆ ಶಲ್ಯ ಹಾಕಿಕೊಂಡರು. ಬಸ್ಸು ತಪ್ಪಿದರೆ ಇನ್ನೊಂದಕ್ಕೆ ಬಹಳ ಕಾಯಬೇಕು. ಸ್ವಾಮಿಗಳು ಬರುವ ಹೊತ್ತಿಗೆ ಅಲ್ಲಿರಬೇಕು. ಚಪ್ಪಲಿ ಮೆಟ್ಟಿ ಗೇಟಿನ ಚಿಲಕಕ್ಕೆ ಕೈ ಹಾಕಿದ್ದರು, ಒಳಗೆ ಪೆಟ್ಟಿಗೆ ಕೂಗಿತು.

"ಓಗಿ ಸಾ, ನಾ ನೋಡ್ಕತೀನಿ," ಎಂದಳು ಚಾಮುಂಡೇಶ್ವರಿ.

ಚಪ್ಪಲಿ ಬಿಟ್ಟು ಒಳಗೆ ಹೋದರು. ಬಟ್ಟೆ ಒಣಗಿತ್ತು. ಸರ್ವಮಂಗಳಾ ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಹತ್ತಿರ ಬನ್ನಿ ಎಂದು ಬೆರಳಾಡಿಸಿದಳು. ಬಗ್ಗಿದರು. ಇನ್ನೂ ಬಗ್ಗಬೇಕಿತ್ತು. ಮಂಚದ ಸರಳು ಹಿಡಿದು ಅವಳ ಮುಖದ ಮಟ್ಟಕ್ಕೆ ಬಗ್ಗಿದರು. ಅವಳ ಎಡಗೈ ಅವರ ಕೊರಳಿಗೆ ಬಂತು. ಜುಬ್ಬದ ಮೇಲಿನ ಗುಂಡಿ ಬಿಚ್ಚಿಹೋಗಿತ್ತು. ಒಂದೇ ಕೈಯಲ್ಲಿ, ಅದೂ ಎಡಗೈಯಲ್ಲಿ, ಅವಳು ಗುಂಡಿಯನ್ನು ಕಾಜದ ಬಾಯಿಗೆ ತಂದಳು, ಜಾರಿತು. ಮತ್ತೆ ತಂದಳು, ಕಾಜ ಮಡಿಸಿಕೊಂಡಿತು. ಏಕಾಂತಯ್ಯನವರ ಸೊಂಟ ನೋಯುತ್ತಿತ್ತು. ಅವಳ ಉಸಿರು ಗದ್ದಕ್ಕೆ ಬೆಚ್ಚಗೆ ತಾಗುತ್ತಿತ್ತು, ಬೆಳಿಗ್ಗೆ ಕುಡಿಸಿದ ಏಲಕ್ಕಿ ಹಾಲಿನ ವಾಸನೆ. ತಾವೇ ಹಾಕಿಕೊಳ್ಳಬಹುದಿತ್ತು, ಕೈ ಎತ್ತಲಿಲ್ಲ. ಹೊರಗೆ ಬಸ್ಸು ಬಂದು ನಿಂತ ಸದ್ದು, ಕಂಡಕ್ಟರ್ ಅದರ ಬಾಗಿಲು ತಟ್ಟಿದ ಸದ್ದು, ಆಮೇಲೆ ಬಸ್ಸು ಹೊರಟ ಸದ್ದು ಕೇಳಿಸಿತು. ಅವಳು ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಕಣ್ಣು ಕಿರಿದು ಮಾಡಿ, ಗುಂಡಿಯ ಅಂಚನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದಳು.

"ನಿಧಾನ," ಎಂದರು ಏಕಾಂತಯ್ಯ. "ಏನೂ ಅವಸರ ಇಲ್ಲ."

ಗುಂಡಿ ಕಾಜದೊಳಗೆ ಅರ್ಧ ಹೋಯಿತು.